ಹತ್ತು ಸಾವಿರ ಸುತ್ತು

ಶನಿವಾರದ ಪ್ರಾಕ್ಟೀಸಿನ ನಡುವೆ ಬಾಸ್ ಗಿಟಾರಿನ ದನಿ ಒಮ್ಮೆಲೇ ಸೊರಗಿತು. ಪೂರ್ತಿ ನಿಲ್ಲಲಿಲ್ಲ, ಗೋಡೆಯಾಚೆ ಯಾರೋ ತಗಡು ಬಡಿದ ಹಾಗೆ ಸಣ್ಣಗೆ ಕೇಳುತ್ತಿತ್ತು. ಕೇಬಲ್ ಬದಲಿಸಿ ನೋಡಿದ, ಆಂಪ್ ಬದಲಿಸಿ ನೋಡಿದ. ರಾತ್ರಿ ಮನೆಗೆ ಬಂದು ಪಿಕಪ್ ಬಿಚ್ಚಿ ಮೀಟರ್ ಹಚ್ಚಿದಾಗ ಗೊತ್ತಾಯಿತು. ಎರಡು ಕಾಯಿಲ್‌ಗಳಲ್ಲಿ ಒಂದು 5.3 ಕಿಲೋಓಮ್ ತೋರಿಸಿತು, ಇನ್ನೊಂದು ಏನನ್ನೂ ತೋರಿಸಲಿಲ್ಲ. ಒಳಗೆಲ್ಲೋ ತಂತಿ ಹರಿದಿತ್ತು. ಎರಡೂ ಕಾಯಿಲ್ ಒಂದರ ಹಿಂದೊಂದು ಜೋಡಿಸಿದವು. ಹಾಗಾಗಿ ಒಂದು ಹೋದರೆ ಇನ್ನೊಂದೂ ಬಾಯಿ ಮುಚ್ಚಿದಂತೆಯೇ.

ಸೋಫಾದ ಮೇಲೆ ಕೂತಿದ್ದ ತಂದೆ ದೂರದಿಂದಲೇ ನೋಡಿದರು.

"ಏನದು ತಮ್ಮಾ, ವೈಂಡಿಂಗ್ ಸುಟ್ಟೈತೇನು?"

"ಸುಟ್ಟಿಲ್ಲಪ್ಪಾ, ಹರದೈತಿ."

"ಮತ್ತ ಸುತ್ತಬೇಕಲ್ಲ."

ಹೊಸ ಪಿಕಪ್ ಆರ್ಡರ್ ಮಾಡಿದ್ದರೆ ನಾಲ್ಕೇ ದಿನದಲ್ಲಿ ಪುಣೆಯ ಆ ಫ್ಲ್ಯಾಟಿನ ಬಾಗಿಲಿಗೆ ಬರುತ್ತಿತ್ತು. ಆದರೆ ಹೇಳಿದವರು ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸಿದವರು. ಬೇಸಿಗೆ ಬಂತೆಂದರೆ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳು ಬಂದು ಅಂಗಡಿಯ ಮುಂದೆ ಸಾಲುಗಟ್ಟುತ್ತಿದ್ದವು. ಸುಟ್ಟ ಎನಾಮಲ್ಲಿನ ವಾಸನೆ, ವಾರ್ನಿಷಿನ ವಾಸನೆ, ಆ ಅಂಗಿ ಹಾಕಿಕೊಂಡೇ ಕಾಲೇಜಿಗೆ ಹೋದರೆ ಪಕ್ಕದಲ್ಲಿ ಕೂತವರ ಮೂಗು. ಮಗ ಬ್ಯಾಂಕ್ ಪರೀಕ್ಷೆ ಬರೆದದ್ದೇ ಆ ವಾಸನೆಯಿಂದ ಪಾರಾಗಲು. ಮೊದಲ ಬೋನಸ್ಸಿನಲ್ಲಿ ಸೆಕೆಂಡ್‌ಹ್ಯಾಂಡ್ ಜಪಾನಿ ಬಾಸ್ ಕೊಂಡಾಗ ತಂದೆ ಒಂದೇ ಮಾತು ಕೇಳಿದ್ದರು: "ಇದರಿಂದ ಯಾರ ಹೊಲಕ್ಕ ನೀರು ಹಾಯ್ತಾವು?" ಅದಾದ ಮೇಲೆ ಇಬ್ಬರೂ ಆ ವಿಷಯ ಎತ್ತಿರಲಿಲ್ಲ. ಅಂಗಡಿ ಮುಚ್ಚಿ ಪುಣೆಗೆ ಬರುವಾಗ ತಂದೆ ತಂದದ್ದು ಎರಡು ಟ್ರಂಕು, ಒಂದು ಲೆಕ್ಕದ ಪುಸ್ತಕ, ಮತ್ತು ಕೌಂಟರ್ ಇರುವ ಒಂದು ಕೈ ವೈಂಡಿಂಗ್ ಮಷೀನು. ಮಷೀನು ಅಟ್ಟದ ಮೇಲಿತ್ತು.

ಪಿಕಪ್ ಎಂದರೆ ಬಲು ಸರಳವಾದ ವಸ್ತು. ಆಯಸ್ಕಾಂತದ ಸಣ್ಣ ಕಡ್ಡಿಗಳು, ಅವುಗಳ ಸುತ್ತ ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಕಾಯಿಲ್‌ನಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದೂ ಇದನ್ನೇ, ಹುಬ್ಬಳ್ಳಿಯ ಮೋಟಾರುಗಳ ಹೊಟ್ಟೆಯಲ್ಲಿರುವ ತತ್ವವೂ ಇದರ ಒಡಹುಟ್ಟು. ಪ್ರಿಸಿಷನ್ ಬಾಸ್ ಎಂಬ ವಾದ್ಯವನ್ನು 1951ರಲ್ಲಿ ಮಾರುಕಟ್ಟೆಗೆ ತಂದ ಲಿಯೊ ಫೆಂಡರ್ ಕೂಡ ಮೂಲತಃ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ರೇಡಿಯೋ ರಿಪೇರಿಯವನು. 1957ರಲ್ಲಿ ಅವನ ಕಂಪನಿ ಆ ಪಿಕಪ್ಪನ್ನು ಎರಡು ತುಂಡು ಮಾಡಿತು. ಎರಡು ತಂತಿಗೆ ಒಂದು ಕಾಯಿಲ್, ಉಳಿದೆರಡಕ್ಕೆ ಇನ್ನೊಂದು, ಒಂದು ಬಲಕ್ಕೆ ಸುತ್ತಿದ್ದರೆ ಇನ್ನೊಂದು ಎಡಕ್ಕೆ, ಆಯಸ್ಕಾಂತವೂ ತಿರುವುಮುರುವು. ಸುತ್ತಲಿನ ಕರೆಂಟಿನ ಗುಂಯ್‌ಕಾರ ಎರಡರಲ್ಲೂ ಹುಟ್ಟಿ ಒಂದನ್ನೊಂದು ಹೊಡೆದುಹಾಕುತ್ತದೆ, ಹಾಡು ಉಳಿಯುತ್ತದೆ. ಮಗನ ಜಪಾನಿ ಬಾಸ್ ಇದರದೇ ನಕಲು.

ಒಂದೊಂದು ಕಾಯಿಲ್‌ಗೆ ಸುಮಾರು 10,000 ಸುತ್ತು. ಕೂದಲೆಳೆಯಂಥ ತಂತಿ, ಒಟ್ಟು ಉದ್ದ ಹತ್ತಿರ ಹತ್ತಿರ ಒಂದು ಕಿಲೋಮೀಟರ್.

ತಂತಿಗಾಗಿ ಮಗ ಬುಧವಾರ ಪೇಠೆಗೆ ಹೋದ. ಓದಿಕೊಂಡಿದ್ದ ಪ್ರಕಾರ 42 ಗೇಜ್ ಕೇಳಿದ. ಅಂಗಡಿಯವನು 42 ಗೇಜನ್ನೇ ಕೊಟ್ಟ. ಎರಡು ರಾತ್ರಿ ಕೂತು ಸುತ್ತಿದರೆ ನಾಲ್ಕು ಸಾವಿರ ಆಗುವ ಮೊದಲೇ ಬಾಬಿನ್ ತುಂಬಿ ಹೋಯಿತು, ಮೀಟರು 800 ಓಮ್‌ನ ಆಸುಪಾಸಿನಲ್ಲಿ ನಿಂತಿತು. ತಪ್ಪು ಎಲ್ಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದವನ ಕೈಯಿಂದ ತಂದೆ ತಂತಿಯ ತುದಿ ತೆಗೆದುಕೊಂಡು ಉಗುರಿನ ಮೇಲೆ ಎಳೆದರು. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವರಿಗೆ ಅಷ್ಟು ಸಣ್ಣದು ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ.

"ಇದು ಬಾಳ ದಪ್ಪ ಆತು. ನಿಂದು ಯಾವ ಗೇಜು, ಅಮೆರಿಕಾದ್ದೋ ನಮ್ಮದೋ?"

ಅದೇ ಆಗಿತ್ತು. ಗಿಟಾರಿನವರು ಹೇಳುವ 42 ಅಮೆರಿಕದ ಅಳತೆ, 0.063 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷರು ಬಿಟ್ಟುಹೋದ ಗೇಜು, ಅದರ 42 ಎಂದರೆ 0.1 ಮಿಲಿಮೀಟರ್. ಬೇಕಾದದ್ದು ನಮ್ಮ 46. ಗಿಟಾರಿನ ಬಗ್ಗೆ ಹದಿನೆಂಟು ವರ್ಷ ಓದಿದವನಿಗೆ ಹೊಳೆಯದ್ದು ಗಿಟಾರನ್ನು ಒಮ್ಮೆಯೂ ಮುಟ್ಟದವರಿಗೆ ಹೊಳೆಯಿತು ಎಂದು ಅವನ ಹೆಂಡತಿ ನಕ್ಕಳು. ನಗಬೇಕಾದ್ದೇ.

46ರ ತಂತಿಯೂ ಮೊದಲ ಸಲ ಮೂರು ಸಾವಿರದ ಹತ್ತಿರ ಪಟ್ಟನೆ ಹರಿಯಿತು. ಮಗ ಸ್ಪೂಲನ್ನು ಕಡ್ಡಿಗೆ ಸಿಕ್ಕಿಸಿ ತಿರುಗಲು ಬಿಟ್ಟಿದ್ದ, ಮೋಟಾರ್ ಅಂಗಡಿಯಲ್ಲಿ ದಪ್ಪ ತಂತಿಗೆ ಮಾಡುತ್ತಿದ್ದ ಹಾಗೆ. ಸಣ್ಣ ತಂತಿಗೆ ಆ ಸ್ಪೂಲು ತಿರುಗಿಸುವ ಭಾರವೂ ಹೆಚ್ಚು. ತಂದೆ ಸೋಫಾದಿಂದ ಎದ್ದು ಬಂದು ನೆಲದ ಮೇಲೆ ಕೂತರು. ಸ್ಪೂಲನ್ನು ನೆಟ್ಟಗೆ ನಿಲ್ಲಿಸಿ, ಅದು ಕದಲದೆ ತಂತಿ ಮಾತ್ರ ಮೇಲಿಂದ ಸುರುಳಿ ಬಿಚ್ಚಿಕೊಂಡು ಬರುವ ಹಾಗೆ ಮಾಡಿದರು. ರೇಡಿಯೋ ಟ್ರಾನ್ಸ್‌ಫಾರ್ಮರ್ ಸುತ್ತುತ್ತಿದ್ದ ಕಾಲದ ವಿದ್ಯೆ.

"ನೀ ಹಿಡಿಕಿ ತಿರುವು. ತಂತಿ ನಾ ಹಿಡೀತೀನಿ."

ಬೆರಳು ನಡುಗುತ್ತಿದ್ದವು. ಹಾಗೆ ನಡುಗುವ ಕೈಗೆ ಒಂದು ಕಿಲೋಮೀಟರ್ ತಂತಿ ಕೊಡಲು ಮಗನಿಗೆ ಧೈರ್ಯವಿರಲಿಲ್ಲ, ಬೇಡ ಎನ್ನಲು ಬಾಯಿಯೂ ಬರಲಿಲ್ಲ. ಹಿಡಿಕೆ ತಿರುಗತೊಡಗಿತು. ತಂದೆಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಚೂರು ಹತ್ತಿಬಟ್ಟೆ, ಅದರೊಳಗಿಂದ ತಂತಿ. ನಡುಕ ನಿಲ್ಲಲಿಲ್ಲ, ಆದರೆ ಬೆರಳು ತಂತಿಯ ಜೊತೆಗೇ ನಡುಗುತ್ತಿದ್ದುದರಿಂದ ಜಗ್ಗಾಟವಾಗಲಿಲ್ಲ. ಬಿಗಿ ಹೆಚ್ಚಾದರೆ ಹರಿಯುತ್ತದೆ, ಸಡಿಲಾದರೆ ಕಾಯಿಲ್ ಒಳಗೇ ಅಲುಗಿ ಆಂಪ್ ಕೂಗಿಕೊಳ್ಳುತ್ತದೆ. "ಎಳೀಬ್ಯಾಡ. ಅದು ಎಷ್ಟು ಕೇಳತೈತಿ ಅಷ್ಟ ಕೊಡು," ಎಂದಷ್ಟೇ ಹೇಳಿದರು.

ಕೈಯಿಂದ ಹೀಗೆ ಹಾಯಿಸಿದ ತಂತಿ ಯಂತ್ರದ ಹಾಗೆ ಪದರ ಪದರವಾಗಿ ಕೂರುವುದಿಲ್ಲ, ಅಡ್ಡಾದಿಡ್ಡಿ ಬೀಳುತ್ತದೆ. ಹಳೆಯ ಗಿಟಾರುಗಳ ದನಿಗೆ ಆ ಅಡ್ಡಾದಿಡ್ಡಿಯೇ ಒಂದು ಕಾರಣ ಎಂದು ನಂಬುವವರು ಬಹಳ. ನಂಬಿಕೆಯಲ್ಲಿ ಸ್ವಲ್ಪ ಭಕ್ತಿಯೂ ಬೆರೆತಿದೆ, ಇರಲಿ. ಫೆಂಡರ್ ಕಾರ್ಖಾನೆಗೆ 1956ರಲ್ಲಿ ಸೇರಿದ ಅಬಿಗೈಲ್ ಇಬಾರಾ ಎಂಬ ಹೆಂಗಸು ದಶಕಗಳ ಕಾಲ ಪಿಕಪ್ ಸುತ್ತಿದಳು. ಆಕೆಯ ಸಹಿ ಇರುವ ಪಿಕಪ್ಪುಗಳಿಗಾಗಿ ಇಂದು ಗಿಟಾರಿನವರು ಹುಡುಕಾಡುತ್ತಾರೆ. ಆಕೆಗೆ ಆ ಕಾಲದಲ್ಲಿ ಅದು ಸಂಬಳದ ಕೆಲಸ. ಪಿಕಪ್ ತಯಾರಿಕೆಯಲ್ಲಿ ದೊಡ್ಡ ಹೆಸರು ಮಾಡಿದ ಸೀಮೋರ್ ಡಂಕನ್ ಹುಡುಗನಾಗಿದ್ದಾಗ ಕೆಟ್ಟ ಪಿಕಪ್ಪನ್ನು ರೆಕಾರ್ಡ್ ಪ್ಲೇಯರಿನ ತಟ್ಟೆಯ ಮೇಲಿಟ್ಟು ಮರುಸುತ್ತಿದವನು. ಮಗ ಇದನ್ನೆಲ್ಲ ಹೇಳುತ್ತಿದ್ದಾಗ ತಂದೆ ತಲೆಯೆತ್ತಲಿಲ್ಲ. "ಮಾತಾಡಬ್ಯಾಡ, ಎಣಿಕಿ ನೋಡು."

ಎರಡೂವರೆ ತಾಸು. 10,000 ಮುಟ್ಟಿದಾಗ ಮೀಟರು 5.8 ತೋರಿಸಿತು, ಪಕ್ಕದ ಕಾಯಿಲ್‌ಗಿಂತ ಅರ್ಧ ಹೆಚ್ಚು. ಮಗ ಕೆಲವು ಸುತ್ತು ಬಿಚ್ಚಲು ಹೊರಟ. ತಂದೆ ತಡೆದರು. ತಂತಿ ಕೂದಲಷ್ಟು ಸಣ್ಣಗಾದರೂ ಓಮ್ ಏರುತ್ತದೆ, ಕೆಲಸ ಮಾಡುವುದು ಸುತ್ತು, ಓಮ್ ಅಲ್ಲ. ಸರಿಯಾದ ಮಾತು. ಓಮ್ ನೋಡಿ ಪಿಕಪ್ಪಿಗೆ ಬೆಲೆ ಕಟ್ಟುವವರು ಈಗಲೂ ಕಡಿಮೆಯಿಲ್ಲ.

ಆಮೇಲೆ ಮೇಣ. ತಂದೆ ವಾರ್ನಿಷ್ ಕೇಳಿದರು, ಇದಕ್ಕೆ ಮೇಣವೇ ರೂಢಿ ಎಂದು ಮಗ ಮೊದಲ ಸಲ ಒಂದು ಮಾತು ಗೆದ್ದ. ಪ್ಯಾರಫಿನ್‌ಗೆ ಚೂರು ಜೇನುಮೇಣ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, 65 ಡಿಗ್ರಿ ಮೀರದಂತೆ ಕಾದು ಕಾಯಿಲ್ ಮುಳುಗಿಸಿದರು. ಗುಳ್ಳೆ ಬರುವುದು ನಿಂತ ಮೇಲೆ ತೆಗೆದರು. ಅಡುಗೆಮನೆಯ ಆ ಪಾತ್ರೆ ಈಗ ಯಾವುದಕ್ಕೂ ಬಾರದು.

ಬೆಸುಗೆ ಹಾಕಿ, ಆಂಪ್ ಹಚ್ಚಿದರೆ ದನಿ ಬಂತು. ಜೊತೆಗೇ ಗುಂಯ್ ಎಂಬ ಸದ್ದು ಮನೆಯನ್ನೇ ತುಂಬಿತು. ಮಗನ ಮುಖ ಬಾಡಿತು. ತಂದೆ ಕಿವಿಗೊಟ್ಟು ಕೇಳಿ, ಎದೆ ಹಗುರಾದವರ ಹಾಗೆ ನಕ್ಕರು. ಮೂರು ಫೇಸಿನ ಮೋಟಾರು ಹಿಂದುಮುಂದಾಗಿ ತಿರುಗಿದರೆ ಎರಡು ವೈರು ಬದಲಿಸಿದರೆ ಸಾಕು, ಎಂಥ ರೈತನಿಗೂ ಗೊತ್ತಿರುವ ಸಂಗತಿ.

"ಉಲ್ಟಾ ಆಗೇತಿ. ಎರಡು ತುದಿ ಅದಲುಬದಲು ಮಾಡು."

ಮಾಡಿದ. ಗುಂಯ್‌ಕಾರ ಅಳಿಸಿದಂತೆ ಹೋಯಿತು. ದಪ್ಪ ತಂತಿಯನ್ನು ಮೀಟಿದ. ಸೆಕೆಂಡಿಗೆ 41 ಸಲ ಅಲುಗುವ ಆ ದನಿ ಕಿವಿಗಿಂತ ಮೊದಲು ನೆಲಕ್ಕೆ ಕೇಳುತ್ತದೆ. ತಂದೆ ಕೈ ಚಾಚಿ ಗಿಟಾರಿನ ಮೈಮೇಲೆ ಅಂಗೈ ಇಟ್ಟರು, ಓಡುವ ಮೋಟಾರಿನ ಬೇರಿಂಗ್ ನೋಡುವಾಗ ಇಡುತ್ತಿದ್ದ ಹಾಗೆ. ದನಿ ಪೂರ್ತಿ ಆರುವವರೆಗೆ ತೆಗೆಯಲಿಲ್ಲ.

ಮರುದಿನ ಟ್ರಂಕಿನಿಂದ ಲೆಕ್ಕದ ಪುಸ್ತಕ ಹೊರಬಂತು. ಗಿರಾಕಿ, ಎಷ್ಟು ಎಚ್‌ಪಿ, ಗೇಜು, ಸುತ್ತು, ರೊಕ್ಕ. ಕೊನೆಯ ಸಾಲಿನಲ್ಲಿ ಯಾವುದೋ ಊರಿನ ಐದು ಎಚ್‌ಪಿ ಪಂಪ್‌ಸೆಟ್ಟಿತ್ತು. ಅದರ ಕೆಳಗೆ ಮಗನೇ ಬರೆದ: ಬಾಸ್ ಗಿಟಾರ್, 46 ಗೇಜ್, 10,000. ರೊಕ್ಕದ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು.

"ಏನ್ ಬರೀಲಿ ಅಪ್ಪಾ?"

"ಬಾಕಿ ಅಂತ ಬರಿ."