ಕೊಡದ ತಳದ ಕೆಂಪು

ಮೂಡಿಗೆರೆ ಸೀಮೆಯ ನಮ್ಮ ಬಾಳೂರಿನಲ್ಲಿ ಮಳೆಗೆ ಕೊರತೆಯಿಲ್ಲ. ಆದರೂ ಬೇಸಿಗೆಯಲ್ಲಿ ಅಬ್ಬಿಯ ನೀರು ಸೊರಗತೊಡಗಿದಾಗ ನಾವು ಕಾಫಿ ತೋಟದ ಅಂಚಿನಲ್ಲಿ ಕೊಳವೆಬಾವಿ ತೆಗೆಸಿದೆವು. ಬಂದ ನೀರು ಸ್ಫಟಿಕದಂತೆ ತಿಳಿ. ಬೆಳಗಾಗುವಷ್ಟರಲ್ಲಿ ಕೊಡದ ತಳದಲ್ಲಿ ಕೆಂಪು ಗಸಿ! ಬಿಳಿಯ ಪಂಚೆಗಳು ಹಳದಿಯಾದವು, ಚಹಾ ಮಸಿಯಂತಾಯಿತು. ಪೂಜೆಯ ಮಜ್ಜನದ ನೀರಿಗೂ ಲೋಹದ ವಾಸನೆ.

ಪಾತ್ರೆ ಸರಿಯಾಗಿ ಬೆಳಗುವುದಿಲ್ಲವೆಂದು ನಾವು ಸೊಸೆಯನ್ನು ಗದರಿದೆವು. ಆಕೆ ಮರುಮಾತಾಡದೆ ಹುಣಸೆಹಣ್ಣಿನಿಂದ ಮತ್ತೊಮ್ಮೆ ಉಜ್ಜಿದಳು. ಪಂಚೆಗಳಿಗೆ ಬ್ಲೀಚಿಂಗ್ ಪುಡಿ ಹಾಕಿದಳು; ಕಲೆ ಇಮ್ಮಡಿಸಿತು.

ನೀರನ್ನು ಪರೀಕ್ಷೆ ಮಾಡಿಸಿದಾಗ ದೋಷ ಕಬ್ಬಿಣದ್ದೆಂದು ತಿಳಿಯಿತು. ಗಾಳಿಯಿಲ್ಲದ ನೆಲದಾಳದಲ್ಲಿ ಅದು ಕಾಣದಂತೆ ಕರಗಿರುತ್ತದೆ. ಗಾಳಿ ತಾಗಿದ ಮೇಲೆ ತುಕ್ಕಾಗಿ ತಳಕ್ಕಿಳಿಯುತ್ತದೆ. ಬ್ಲೀಚಿಂಗ್ ಪುಡಿಯು ಆ ಕೆಲಸವನ್ನೇ ಬೇಗ ಮಾಡಿಸುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ಮೀರಿದರೆ ಬಟ್ಟೆಗೆ ಕಲೆ ಹತ್ತುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ದೇಹಕ್ಕಿಂತ ಮನೆವಾರ್ತೆಗೇ ಹೆಚ್ಚು ಕಾಟ. ಕುದಿಸಿದರೆ ರೋಗಾಣುಗಳು ಸಾಯುವುವು, ಕಬ್ಬಿಣ ಹೋಗದು. ಈಗ ನೀರನ್ನು ಎತ್ತರದಿಂದ ತೊಟ್ಟಿಗೆ ಬೀಳಿಸಿ, ರಾತ್ರಿಯೆಲ್ಲ ನಿಲ್ಲಿಸಿ, ಮೇಲಿನ ತಿಳಿಯನ್ನು ಮರಳಿನಲ್ಲಿ ಸೋಸುತ್ತೇವೆ. ಕುಡಿಯುವುದನ್ನು ಆಮೇಲೆ ಕುದಿಸುತ್ತೇವೆ.

ಹಳೆಯ ಪಂಚೆಗಳ ಹಳದಿ ಹೋಗಲಿಲ್ಲ. ಸೊಸೆಯನ್ನು ಕರೆದು ವರದಿಯನ್ನು ಓದಿ ಹೇಳಿದೆವು.

"ಆ ಕೊಡವನ್ನು ದಿನಕ್ಕೆ ಮೂರು ಸಲ ಬೆಳಗುತ್ತಿದ್ದೆ ಮಾವಯ್ಯ" ಎಂದಳಷ್ಟೆ.