ಒಂದು ಬಿಟ್‌ನಲ್ಲಿ ಹಿಡಿಸದ ಮಾತು

ಸಿನಿಮಾ ನೋಡಬಹುದಾ, ಬೇಡವಾ ಅಂತ ಹೇಳೋಕೆ ಒಂದು ಹೆಬ್ಬೆರಳು ಸಾಕು ಅನ್ನೋದನ್ನ ಅಮೆರಿಕಾಕ್ಕೆ ರೂಢಿ ಮಾಡಿಸಿದವರು ಶಿಕಾಗೋದ ಇಬ್ಬರು ವಿಮರ್ಶಕರು: ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್. ಇಬ್ಬರೂ ಎದುರಾಳಿ ಪತ್ರಿಕೆಗಳವರು. ಟಿವಿಯಲ್ಲಿ ಕೂತು ಜಗಳ ಆಡ್ತಿದ್ರು. ಕೊನೆಗೆ ಬೆರಳು ಮೇಲೆ, ಇಲ್ಲಾಂದ್ರೆ ಕೆಳಗೆ. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಒಂದು ಬಿಟ್. ಸೊನ್ನೆ ಅಥವಾ ಒಂದು.

ಆದರೆ ನಾನು ಈಬರ್ಟ್‌ನನ್ನು ಓದಿದ್ದು ಬೆರಳಿಗಾಗಿ ಅಲ್ಲ. ಬಿಇ ಮುಗಿಸಿದ ಮೇಲೂ ಇಂಗ್ಲಿಷ್ ಅಂದ್ರೆ ಅಳುಕುತ್ತಿದ್ದ ನನಗೆ, ಡಿಕ್ಷನರಿ ತೆಗೆಯದೆ ಓದಬಹುದಾಗಿದ್ದ ವಿಮರ್ಶಕ ಅವನೊಬ್ಬನೇ. 1942ರಲ್ಲಿ ಇಲಿನಾಯ್ ರಾಜ್ಯದ ಅರ್ಬಾನಾದಲ್ಲಿ ಹುಟ್ಟಿದ, ಎಲೆಕ್ಟ್ರಿಷಿಯನ್ ಮಗ. 1967ರಿಂದ ‘ಶಿಕಾಗೋ ಸನ್-ಟೈಮ್ಸ್’ ಪತ್ರಿಕೆಯ ಸಿನಿಮಾ ವಿಮರ್ಶಕ. 1975ರಲ್ಲಿ, ವಿಮರ್ಶೆಗೆ ಪುಲಿಟ್ಜರ್ ಪಡೆದ ಮೊದಲ ಸಿನಿಮಾ ವಿಮರ್ಶಕನೂ ಆದ. ಸತ್ಯಜಿತ್ ರಾಯ್ ಅವರ ಅಪು ಚಿತ್ರಗಳನ್ನು ತನ್ನ ಮಹಾನ್ ಚಿತ್ರಗಳ ಸಾಲಿನಲ್ಲಿಟ್ಟು ಬರೆದ. ಬಾಸ್ಕೆಟ್‌ಬಾಲ್ ಕನಸು ಹೊತ್ತ ಶಿಕಾಗೋದ ಇಬ್ಬರು ಕಪ್ಪು ಹುಡುಗರ ಕುರಿತ, ಹತ್ತಿರತ್ತಿರ ಮೂರು ಗಂಟೆಯ ಸಾಕ್ಷ್ಯಚಿತ್ರ ‘ಹೂಪ್ ಡ್ರೀಮ್ಸ್’ 1994ರಲ್ಲಿ ಬಂದಾಗ, ಅವನೂ ಸಿಸ್ಕೆಲ್ಲೂ ಹಟ ಹಿಡಿದು ಜನರಿಗೆ ತಲುಪಿಸಿದರು.

ಆಮೇಲೆ ಕ್ಯಾನ್ಸರ್ ಬಂತು. 2006ರ ಶಸ್ತ್ರಚಿಕಿತ್ಸೆಗಳಲ್ಲಿ ಕೆಳದವಡೆ ಹೋಯ್ತು. ಊಟ ಇಲ್ಲ, ನೀರಿಲ್ಲ, ಮಾತಿಲ್ಲ. ಮಾತಾಡಿಯೇ ಮನೆಮಾತಾದವನ ಗತಿ ನೋಡಿ! ಎಡಿನ್‌ಬರೋದ ಒಂದು ಕಂಪನಿ, ಅವನು ಹಿಂದೆ ಡಿವಿಡಿಗಳಿಗೆ ಕೊಟ್ಟಿದ್ದ ವಿವರಣೆಯ ರೆಕಾರ್ಡಿಂಗುಗಳನ್ನು ಬಳಸಿ ಅವನದೇ ದನಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಡಲು ಹೊರಟಿತು. ಇಂಜಿನಿಯರ್ ಆಗಿ ನನಗದು ಪವಾಡದಂಥ ಕೆಲಸ. ಆದರೆ ಓದುಗನಾಗಿ ನನಗೆ ಅನಿಸಿದ್ದೇ ಬೇರೆ: ಅವನ ದನಿ ಹೋಗಿರಲೇ ಇಲ್ಲ. ಬ್ಲಾಗಿನಲ್ಲಿ ಸಾವು, ಬಾಲ್ಯ, ಬಿಟ್ಟ ಕುಡಿತ, ಇನ್ನು ತಿನ್ನಲಾಗದ ಊಟದ ರುಚಿ, ಎಲ್ಲದರ ಬಗ್ಗೆಯೂ ಬರೆದ. 2012ರಲ್ಲಿ ಮುನ್ನೂರಕ್ಕೂ ಹೆಚ್ಚು ವಿಮರ್ಶೆಗಳನ್ನು ಬರೆದಿದ್ದ. 2013ರ ಏಪ್ರಿಲ್ 4ರಂದು ತೀರಿಕೊಂಡ. ಅದಕ್ಕೆ ಎರಡು ದಿನ ಮೊದಲಷ್ಟೇ ಮುಂದಿನ ಕೆಲಸಗಳ ಪಟ್ಟಿ ಕೊಟ್ಟಿದ್ದ.

ನಾನು ಕೆಲಸ ಮಾಡುವ ಡೇಟಾಬೇಸಿನಲ್ಲಿ ಮನುಷ್ಯನ ಅಭಿಪ್ರಾಯ ಅಂದ್ರೆ ಒಂದರಿಂದ ಐದರವರೆಗಿನ ಒಂದು ಅಂಕಿ. ಲೆಕ್ಕಕ್ಕೆ, ವಿಂಗಡಣೆಗೆ ಅದೇ ಅನುಕೂಲ. ಅದರ ಪಕ್ಕದಲ್ಲಿ ‘ಕಾಮೆಂಟ್’ ಅಂತ ಒಂದು ಕಾಲಂ ಇದೆ, ಬಹುತೇಕ ಖಾಲಿ. ಈಬರ್ಟ್ ಬದುಕಿಡೀ ತುಂಬಿಸಿದ್ದು ಆ ಕಾಲಮ್ಮನ್ನೇ. ಅವನು ಯಾವ ಸಿನಿಮಾಕ್ಕೆ ಬೆರಳು ಎತ್ತಿದ್ದ, ಯಾವುದಕ್ಕೆ ಇಳಿಸಿದ್ದ ಅನ್ನೋದು ನನಗೀಗ ನೆನಪಿಲ್ಲ. ಯಾಕೆ ಅಂತ ಅವನು ಹೇಳಿದ್ದು ಮಾತ್ರ ನೆನಪಿದೆ.