ಗೋಡೆಯ ಪೆಟ್ಟಿಗೆಯೋ, ಡಿಕ್ಕಿಯ ಕೇಬಲ್ಲೋ?

ರಾತ್ರಿ ಗಾಡಿಗಳ ಸದ್ದು ಕೇಳುವಷ್ಟು ವಾಡಿ ಜಂಕ್ಷನ್ನಿಗೆ ಹತ್ತಿರದ ಬಾಡಿಗೆ ಮನೆ. ಅಂಗಳದ ಶಹಾಬಾದ ಕಲ್ಲಿನ ಮೇಲೆ ಹೊಸ ವಿದ್ಯುತ್ ಕಾರು. ಅದರ ಕೇಬಲ್ಲು ಕಿಟಕಿ ದಾಟಿ ಅಡುಗೆಮನೆಯ ಪ್ಲಗ್ಗು ಸೇರಿತ್ತು. ಓದುತ್ತಿದ್ದ ಪಿಯುಸಿ ಮಗಳು ಎದ್ದು ಬಂದಳು. "ಅಪ್ಪಾ, ಏನೋ ಸುಟ್ಟ ವಾಸನಿ ಬರಲಿಕತ್ತದ ನೋಡ್ರಿ."

ಅಪ್ಪ ಮೇನ್ ಸ್ವಿಚ್ ಆರಿಸಿದರು. ಬಿಳಿ ಸಾಕೆಟ್ಟು ಕಂದಾಗಿತ್ತು. "ಇಸ್ತ್ರಿ ಪೆಟ್ಟಿಗಿ ಇದಕ್ಕೇ ಹಾಕತೀವಿ. ಒಂದಿನಾನೂ ಹಿಂಗಾಗಿಲ್ಲ!" ಎಂದರು.

ಉತ್ತರ ಮಗಳ ಪಠ್ಯಪುಸ್ತಕದಲ್ಲೇ ಇತ್ತು. ವಿದ್ಯುತ್ ಪ್ರವಾಹದ ವರ್ಗಕ್ಕೆ ತಕ್ಕಂತೆ ಶಾಖ ಹೆಚ್ಚುತ್ತದೆ ಎಂದು ಜೇಮ್ಸ್ ಜೌಲ್ 1841ರಲ್ಲೇ ತಿಳಿಸಿದ್ದ. ಸಡಿಲ ಪ್ಲಗ್ಗಿನ ರೋಧ 0.1 ಓಮ್ ಎಂದುಕೊಳ್ಳಿ. ಇಸ್ತ್ರಿ ಪೆಟ್ಟಿಗೆಯ 4 ಆಂಪಿಯರ್ ಅಲ್ಲಿ 1.6 ವ್ಯಾಟ್ ಶಾಖ ಹುಟ್ಟಿಸುತ್ತದೆ. ಕಾರಿನ 15 ಆಂಪಿಯರ್, 22.5 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯ ಶಾಖವೂ ಹೆಚ್ಚುಕಡಿಮೆ ಅಷ್ಟೇ! ಅದೂ ಗಂಟೆಗಟ್ಟಲೆ.

ಗೋಡೆಗೆ 7.2 ಕಿಲೋವ್ಯಾಟ್ ಚಾರ್ಜರ್ ಕೂಡಿಸಿರೆಂದು ನೆರೆಯವರು ಹೇಳಿದರು. ಅದು ಸುಮಾರು 32 ಆಂಪಿಯರ್ ಎಳೆಯುತ್ತದೆ. ಜೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕು. ಮೇಲಾಗಿ ಗೋಡೆ ಮನೆ ಮಾಲೀಕರದು.

ಮಗಳು ಲೆಕ್ಕ ಹಾಕಿದಳು. ಅಪ್ಪ ಕಲಬುರಗಿಗೆ ಹೋಗಿಬರುವುದು ದಿನಕ್ಕೆ ಸುಮಾರು 80 ಕಿ.ಮೀ. ಯೂನಿಟ್ಟಿಗೆ 7 ಕಿ.ಮೀ. ಹಿಡಿದರೆ, ನಷ್ಟ ಸೇರಿ 13 ಯೂನಿಟ್. ಗಂಟೆಗೆ 3.3 ಯೂನಿಟ್ಟಿನಂತೆ ನಾಲ್ಕು ತಾಸು ಸಾಕು. ಇನ್ನೊಂದು ಮಾತು: ಮನೆಯಲ್ಲಿ ಚಾರ್ಜ್ ಮಾಡುವಾಗ ನಿಜವಾದ ಚಾರ್ಜರ್ ಕಾರಿನೊಳಗೇ ಇರುತ್ತದೆ. ಇವರ ಕಾರಿನದು 3.3 ಕಿಲೋವ್ಯಾಟ್. ದೊಡ್ಡ ಪೆಟ್ಟಿಗೆ ತಂದರೂ ವೇಗ ಹೆಚ್ಚದು. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರೂ ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲೇ ಚಾರ್ಜ್ ಆಗುತ್ತಿತ್ತು.

ಹಾಗಾಗಿ ಕೇಬಲ್ಲು ಉಳಿಯಿತು, ಪ್ಲಗ್ಗು ಬದಲಾಯಿತು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮೀಟರಿನಿಂದಲೇ 4 ಚದರ ಮಿ.ಮೀ. ತಾಮ್ರದ ತಂತಿ ಎಳೆದು ಗಟ್ಟಿ ಸಾಕೆಟ್ಟು, ಎಂಸಿಬಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂಡಿಸಿದ. ಸುಣ್ಣಕಲ್ಲಿನ ಒಣ ನೆಲದಲ್ಲಿ ಅರ್ಥಿಂಗ್ ಸುಲಭವಲ್ಲ; ಗುಂಡಿ ತೋಡಿ, ರೋಧ ಅಳೆದು ನೋಡಿಯೇ ಒಪ್ಪಿದ.

ಸ್ವಂತ ಮನೆ, ದೊಡ್ಡ ಬ್ಯಾಟರಿ, ದೂರದ ಓಡಾಟ ಇದ್ದವರಿಗೆ ಗೋಡೆಯ ಚಾರ್ಜರೇ ಸರಿ. ಯಾವುದನ್ನೇ ಆರಿಸಲಿ, ಮೊದಲು ನೋಡಬೇಕಾದದ್ದು ಅದರ ಹಿಂದಿನ ತಂತಿಯನ್ನು.

ಆ ರಾತ್ರಿ ಒಂದು ತಾಸಿನ ನಂತರ ಸ್ವಿಚ್ ಆರಿಸಿ ಅಪ್ಪ ಪ್ಲಗ್ಗು ಮುಟ್ಟಿದರು. ತುಸು ಬೆಚ್ಚಗಿತ್ತು, ಅಷ್ಟೆ. "ನಿನ್ನ ಜೌಲ್ ಸಾಹೇಬ್ರು ಖರೇ ಹೇಳ್ಯಾರ" ಎಂದು ನಕ್ಕರು. ಉಳಿದ ರೊಕ್ಕ ಮಗಳ ಕಾಲೇಜಿನ ಫೀಜಿಗೆಂದು ಎತ್ತಿಟ್ಟರು.